ರಂಗೋಲಿಯಲ್ಲಿ ಕಟ್ಟಿದ ಊರು

ಗಂಗಾಂಬಿಕೆಗೆ ರಂಗೋಲಿ ಚೆನ್ನಾಗಿ ಬರುತ್ತಿತ್ತು. ಆ ಮಂಗಳವಾರದ ಕಷ್ಟಕ್ಕೆಲ್ಲ ಅದೊಂದೇ ಕಾರಣ. ಹಾಡಲು ಬರುತ್ತಿದ್ದರೆ ಸಭೆಯಲ್ಲಿ ಪ್ರಾರ್ಥನೆ ಹಾಡಿಸಿ ಕೂರಿಸುತ್ತಿದ್ದರು. ಏನೂ ಬರದಿದ್ದರೆ ಕಾಫಿ ಲೋಟ ತೊಳೆಯಲು ಬಿಟ್ಟು ಸುಮ್ಮನಾಗುತ್ತಿದ್ದರು. ರಂಗೋಲಿ ಬರುತ್ತಿದ್ದುದರಿಂದ ಕಗ್ಗಲಪಾಳ್ಯದ ಮುಂದಿನ ಐದು ವರ್ಷದ ಹಣೆಬರಹ ಬರೆಯುವ ಕೆಲಸ ಅವಳ ತಲೆಗೆ ಬಂತು.

ಕಗ್ಗಲಪಾಳ್ಯ ಹಾಗಲವಾಡಿ ರಸ್ತೆಯಿಂದ ಒಳಕ್ಕೆ ಮೂರು ಮೈಲಿ. ಅರವತ್ತೊಂದು ಮನೆ, ಒಂದು ಗುಡಿ, ಒಂದು ಹಾಲಿನ ಡೈರಿ, ಒಂದು ನೀರಿನ ಟ್ಯಾಂಕು. ಬಸ್ಸು ಬೆಳಗ್ಗೆ ಗುಬ್ಬಿಗೆ ಹೋಗುತ್ತದೆ, ಸಂಜೆ ಮನಸ್ಸಾದರೆ ವಾಪಸ್ಸು ಬರುತ್ತದೆ. ಶಿವರಾತ್ರಿ ಕಳೆಯಿತೆಂದರೆ ಊರಿನ ಹೆಂಗಸರಿಗೆ ಎರಡು ತಿಂಗಳು ಒಂದೇ ಕೆಲಸ, ಹುಣಸೆಹಣ್ಣು ಕುಟ್ಟುವುದು. ಸಿಪ್ಪೆ ಬಿಡಿಸಿ, ಸಣ್ಣ ಸುತ್ತಿಗೆಯಲ್ಲಿ ಕುಟ್ಟಿ ಬೀಜ ಹಾರಿಸಿ, ನಾರು ಎಳೆದು, ಮೂಟೆ ಮಾಡಿ ತುಮಕೂರಿನ ಮಂಡಿಗೆ ಕಳಿಸಬೇಕು. ಮೊದಲು ಯಾರೋ ತಂದು ಸುರಿದ ಹಣ್ಣನ್ನು ಕೂಲಿಗೆ ಕುಟ್ಟುತ್ತಿದ್ದ ಹನ್ನೆರಡು ಹೆಂಗಸರು ಸೇರಿ ಸಂಘ ಮಾಡಿಕೊಂಡು, ಈಗ ತಾವೇ ಮರ ಗುತ್ತಿಗೆಗೆ ಹಿಡಿದು ತಾವೇ ಮಾರುತ್ತಿದ್ದರು. ಗಂಗಾಂಬಿಕೆ ಆ ಸಂಘದ ಅಧ್ಯಕ್ಷೆ. ಸಂಘದ ಕಾರ್ಖಾನೆ ಎಂದರೆ ಗುಡಿಯ ಪಕ್ಕದ ಅರಳಿಮರದ ನೆರಳು.

ನೆರಳೇನೋ ಬಿಸಿಲನ್ನು ತಡೆಯುತ್ತದೆ, ಮಳೆಯನ್ನು ತಡೆಯುವುದಿಲ್ಲ. ಹೋದ ವರ್ಷ ಏಪ್ರಿಲ್‌ನಲ್ಲಿ ಒಂದೇ ಮಳೆ ಬಂದು ಹದಿನಾಲ್ಕು ಮೂಟೆ ಹಣ್ಣು ನೆಂದಿತು. ನೆಂದ ಹುಣಸೆ ಕಪ್ಪಾಗುತ್ತದೆ. ಮಂಡಿಯವನು ಮೂಟೆ ಬಿಚ್ಚಿ ನೋಡಿ, ಇದನ್ನು ಹಿತ್ತಾಳೆ ಬೆಳಗಲು ಇಟ್ಟುಕೊಳ್ಳಿ ಎಂದು ವಾಪಸ್ಸು ಕಳಿಸಿದ. ಹನ್ನೆರಡು ಮನೆಯಲ್ಲೂ ಆ ವರ್ಷ ದೇವರ ದೀಪಗಳು ಫಳಫಳ ಹೊಳೆದವು, ಒಲೆಗಳು ಮಾತ್ರ ಮಂಕಾದವು. ನಾಲ್ವರು ಸಂಘ ಬಿಟ್ಟು ಮತ್ತೆ ಕೂಲಿಗೆ ಹೋಗುತ್ತೇವೆ ಎಂದರು. ಇನ್ನೊಂದು ಬೇಸಿಗೆ ನೋಡೋಣ, ಅಷ್ಟರಲ್ಲಿ ಒಂದು ಶೆಡ್ ಮಾಡಿಸಿಯೇ ತೀರುತ್ತೇನೆ ಎಂದು ಗಂಗಾಂಬಿಕೆ ಗುಡಿಯ ಮುಂದೆ ನಿಂತು ಹೇಳಿಬಿಟ್ಟಿದ್ದಳು. ಆ ಇನ್ನೊಂದು ಬೇಸಿಗೆ ಈಗ ಮುಗಿಯುತ್ತ ಬಂದಿತ್ತು. ಮರದ ಕೆಳಗೆ ಹತ್ತೊಂಬತ್ತು ಮೂಟೆ ಕೂತಿದ್ದವು.

ಅಷ್ಟರಲ್ಲಿ ಸಣ್ಣ ಹಳ್ಳಿಗಳ ಆರ್ಥಿಕ ಅಭಿವೃದ್ಧಿಗೆಂದು ಒಂದು ಯೋಜನೆ ಬಂತು. ಊರು ಏನಾಗಬೇಕು ಎಂದು ಊರಿನವರೇ ಹೇಳಬೇಕಂತೆ. ತುಮಕೂರಿನ ಸಂಸ್ಥೆಯೊಂದು ಅದನ್ನು ಬರೆದುಕೊಂಡು ಮೇಲಕ್ಕೆ ಕಳಿಸುತ್ತದಂತೆ. ಮೊದಲ ಕಂತಿಗೆ ಮೂರು ಊರು ಆರಿಸಿದ್ದರು: ಕೋರದ ಕಡೆ ಒಂದು, ಕುಣಿಗಲ್ ಕಡೆ ಒಂದು, ಮತ್ತೆ ಕಗ್ಗಲಪಾಳ್ಯ. ಮೂರರಲ್ಲಿ ಯಾವುದಕ್ಕೆ ಕಡಿಮೆ ಅಂಕ ಬರುತ್ತದೋ ಆ ಊರೇ ಹಿಂದುಳಿದದ್ದು, ಅದಕ್ಕೇ ಮೊದಲು ಹೆಂಗಸರ ಕೆಲಸಕ್ಕೊಂದು ಶೆಡ್. ಫೇಲಾದವರಿಗೆ ಬಹುಮಾನ ಕೊಡುವ ಪರೀಕ್ಷೆಯನ್ನು ಕಗ್ಗಲಪಾಳ್ಯದವರು ಜೀವಮಾನದಲ್ಲಿ ಕಂಡಿರಲಿಲ್ಲ. ಇದರಲ್ಲಿ ನಮ್ಮನ್ನು ಮೀರಿಸುವವರಿಲ್ಲ ಎಂದು ಎಲ್ಲರಿಗೂ ಧೈರ್ಯವಿತ್ತು.

ಮಂಗಳವಾರ ಬೆಳಗ್ಗೆ ಆರೂವರೆಗೇ ಸಂಸ್ಥೆಯ ಹುಡುಗಿ ಕಾವ್ಯ ಸ್ಕೂಟರಿನಲ್ಲಿ ಬಂದಳು. ಊರಿನ ನಕ್ಷೆಯನ್ನು ಊರಿನವರೇ ನೆಲದ ಮೇಲೆ ರಂಗೋಲಿಯಲ್ಲಿ ಬರೆಯಬೇಕು ಎನ್ನುವುದು ಅವರ ಪದ್ಧತಿ. ಎರಡು ಚೀಲ ಪುಡಿ ತಂದಿದ್ದಳು. ಊರಿನಲ್ಲಿ ಇರುವುದನ್ನು ಬಿಳಿಯಲ್ಲಿ ಬರೆಯಬೇಕು, ಬೇಕಾಗಿರುವುದನ್ನು ಕೆಂಪಿನಲ್ಲಿ. ಊರಿನವರೆಲ್ಲ ಒಂದೇ ಬಾಯಲ್ಲಿ ಗಂಗಾಂಬಿಕೆಯ ಕಡೆ ಕೈ ತೋರಿಸಿದರು.

ಗುಡಿಯ ಮುಂದೆ ಮೂರು ದಾರಿ ಸೇರುವ ಕಡೆ ವಿಶಾಲವಾದ ಜಾಗವಿತ್ತು. ಗಂಗಾಂಬಿಕೆ ಗುಡಿಸಿ, ಸಗಣಿ ನೀರು ಹಾಕಿ, ಸೆರಗು ಸಿಕ್ಕಿಸಿಕೊಂಡು ಕೂತಳು. ಬಿಳಿ ಪುಡಿಯಲ್ಲಿ ದಾರಿ, ಗುಡಿ, ಟ್ಯಾಂಕು, ಡೈರಿ, ಸಾಲು ಮನೆಗಳು ಒಂದೊಂದಾಗಿ ಬಂದವು. ಆಮೇಲೆ ಉಸಿರು ಬಿಗಿಹಿಡಿದು ಕೆಂಪು ಪುಡಿಯನ್ನು ಚಿಟಿಕೆಯಲ್ಲಿ ತೆಗೆದುಕೊಂಡು, ಬೇಕಾದವುಗಳಲ್ಲಿ ಮೊದಲನೆಯದಾಗಿ, ತನ್ನ ಶೆಡ್ಡಿಗೆ ನಾಲ್ಕು ಗೆರೆ ಎಳೆದಳು.

ಡೈರಿಗೆ ಹಾಲು ಹಾಕುವ ಹೊತ್ತು. ಕ್ಯಾನು ಹಿಡಿದು ಬಂದವರು ದೂರದಲ್ಲೇ ನಿಂತರು. ಅವರ ಹಿಂದೆ ಬಂದವರೂ ನಿಂತರು. ಒಂದು ಹಸುವೂ ನಿಂತಿತು. ಅದು ನಿಂತಿದ್ದು ಬೇಲಿಯ ಸೊಪ್ಪು ತಿನ್ನಲು, ಆದರೆ ಹಸುವಿಗೂ ತಿಳಿಯಿತು ನೋಡಿ ಎಂದು ಯಾರೋ ಅದನ್ನೂ ಸಾಕ್ಷಿಗೆ ಸೇರಿಸಿಕೊಂಡರು. ಟೀ ಅಂಗಡಿ ಅಂಜಿನಪ್ಪ ಎಲ್ಲರಿಗಿಂತ ಮುಂದೆ ಬಂದು, ಆದರೆ ಕೆಂಪು ಗೆರೆಗೆ ಎರಡು ಮಾರು ದೂರ ಇಟ್ಟುಕೊಂಡು, ವಿಚಾರಿಸಿದ.

"ಗಂಗಕ್ಕ, ಇವತ್ತು ಮಂಗಳವಾರ. ಮೂರು ದಾರಿ ಕೂಡೋ ಕಡೆ ಕೆಂಪು ಪುಡಿ ಹಾಕ್ಕೊಂಡು ಕೂತಿದ್ದೀಯ. ಯಾರ ಮನೆ ಮೇಲೆ ಕಣ್ಣು ನಿಂದು?"

"ಯಾರ ಮನೆನೂ ಅಲ್ಲ ಕಣಪ್ಪ, ಇದು ಸರ್ಕಾರದ್ದು."

"ಅದಿನ್ನೂ ಕಷ್ಟ. ಸರ್ಕಾರದ್ದು ತಗುಲಿಕೊಂಡ್ರೆ ಬುಡ್ಸೋರು ಯಾರು?"

ಹಾಲಿನವರು ಗದ್ದೆ ಬದುವಿನ ಮೇಲೆ ಸುತ್ತಿಕೊಂಡು ಹೊರಟರು. ಬದುವಿನಲ್ಲಿ ಇಬ್ಬರು ಜಾರಿ ಹಾಲು ಚೆಲ್ಲಿತು. ಉಳಿದವರು ತಲುಪುವ ಹೊತ್ತಿಗೆ ಹಾಲಿನ ವ್ಯಾನು ಹೋಗಿತ್ತು. ಎಂಟು ಗಂಟೆಗೆ ಅರ್ಧ ಊರು ಖಾಲಿ ಮಾಡದ ಕ್ಯಾನುಗಳನ್ನು ಹಿಡಿದು ಗಂಗಾಂಬಿಕೆಯ ಸುತ್ತ ನಿಂತಿತು. ಕೆಂಪು ಒರೆಸುವ ತನಕ ಯಾರೂ ಕದಲುವುದಿಲ್ಲ ಎಂದರು. ಕಾವ್ಯ ತನ್ನ ಕೈಪಿಡಿ ತೆರೆದು, ಕೆಂಪು ಎಂದೇ ಬರೆದಿದೆ ನೋಡಿ ಎಂದು ಪುಟ ತೋರಿಸಿದಳು. ಆ ಪುಟವನ್ನು ಮುಟ್ಟಲೂ ಯಾರೂ ಒಪ್ಪಲಿಲ್ಲ. ಹುಡುಗಿಯ ಕಣ್ಣಲ್ಲಿ ನೀರಾಡಿತು. ಅವಳದು ಗುತ್ತಿಗೆ ಕೆಲಸ, ನಕ್ಷೆ ಆಗದಿದ್ದರೆ ಅವಳೂ ಇಲ್ಲ.

ಗಂಗಾಂಬಿಕೆಗೆ ಅವಳನ್ನು ನೋಡಿ ಪಾಪ ಎನ್ನಿಸಿತು. ಸಗಣಿ ನೀರು ಹಾಕಿ ಕೆಂಪನ್ನು ತಾನೇ ಒರೆಸಿದಳು. ಆಮೇಲೆ ಅರಳಿಮರದ ಕೆಳಗೆ ಹೋಗಿ, ರಾಶಿಯಿಂದ ಒಂದು ಮಡಿಲು ಹುಣಸೆಬೀಜ ತಂದಳು.

"ಮೇಡಮ್ಮ, ಎಲ್ಲಾ ಬಿಳಿದ್ರಲ್ಲೇ ಬರೀತೀನಿ. ಬೇಕಾಗಿರೋದ್ರ ಮೇಲೆ ಒಂದು ಬೀಜ ಇಡ್ತೀನಿ. ಬೀಜ ಇಟ್ಟಿದ್ದೆಲ್ಲ ಬೇಕಾದ್ದು, ಬೀಜ ಇಲ್ದಿದ್ದೆಲ್ಲ ಇರೋದು. ಆಗಲ್ವಾ?"

ಕಾವ್ಯಳ ಮುಖ ಅರಳಿತು. ಕೈಪಿಡಿಯಲ್ಲಿ ಇಲ್ಲದಿದ್ದರೂ ಇದಕ್ಕಿಂತ ಸ್ಪಷ್ಟವಾದದ್ದು ಇರಲಾರದು ಎಂದಳು. ಎಷ್ಟು ಬೀಜ ಬಿದ್ದರೆ ಅಷ್ಟು ಅಂಕ ಇಳಿಯುತ್ತದೆ ಎಂದೂ ಹೇಳಿದಳು. ಅದನ್ನು ಹೇಳಬಾರದಿತ್ತು.

ಬೀಜ ಪುಕ್ಕಟೆ, ಊರಿನ ಆಸೆ ಅದಕ್ಕಿಂತ ಪುಕ್ಕಟೆ. ಮಾಟವೆಂದು ಓಡಿದ್ದ ಅಂಜಿನಪ್ಪನೇ ಮೊದಲು ವಾಪಸ್ಸು ಬಂದು, ತನ್ನ ಟೀ ಅಂಗಡಿಯ ಎದುರಿಗೆ ಒಂದು ಬಸ್ ತಂಗುದಾಣ ಬರೆಸಿದ. ಬರುವುದು ಒಂದು ಬಸ್ಸು, ಅದಕ್ಕೇಕೆ ಎಂದರೆ, ಒಂದೇ ಬಸ್ಸು ಇರುವ ಕಡೆಯೇ ಜನ ಜಾಸ್ತಿ ಹೊತ್ತು ಕಾಯುವುದು, ಟೀ ಹೆಚ್ಚು ಕುಡಿಯುವುದು ಎಂದ. ರಿಟೈರಾದ ಮೇಷ್ಟ್ರು ರೇವಣಸಿದ್ದಯ್ಯ ಕೋಲಿನಿಂದ ನಕ್ಷೆಯ ಮೂಲೆ ಮೂಲೆ ತೋರಿಸಿ, ದಿಕ್ಕು ತಪ್ಪಿದೆಯೆಂದು ಎರಡು ಬೀದಿ ಅಳಿಸಿ ಬರೆಸಿ, ಕೊನೆಗೆ ಒಂದು ಗ್ರಂಥಾಲಯ ಬೇಕೆಂದರು. ಪಶು ಆಸ್ಪತ್ರೆ ಬಂತು. ಬ್ಯಾಂಕು ಬಂತು. ಕಲ್ಯಾಣ ಮಂಟಪ ಬಂತು. ಸಂಘದ ಚೆನ್ನಮ್ಮ ಕೂಡ ಗಂಗಾಂಬಿಕೆಯ ಕಿವಿಯಲ್ಲಿ, ನಮ್ಮ ಬಚ್ಚಲ ನೀರು ಹೋಗಲು ಒಂದು ಚರಂಡಿ ಎಳೆದುಬಿಡೇ ಎಂದು ಉಸುರಿದಳು.

ಹತ್ತು ಗಂಟೆಗೆ ಪಂಚಾಯ್ತಿ ಮೆಂಬರ್ ಚೌಡಪ್ಪ ಬಂದ. ಮದುವೆಗೆ ಬಂದ ಬೀಗರಂತೆ ನಕ್ಷೆಯನ್ನು ಒಂದು ಸುತ್ತು ಹಾಕಿ, ತನ್ನ ಮನೆಯ ತನಕ ಕಾಂಕ್ರೀಟ್ ರಸ್ತೆ ಮತ್ತು ಮನೆಯ ಮುಂದೆ ಎತ್ತರದ ಒಂದು ದೀಪದ ಕಂಬ ಬರೆಸಿದ. ಆಮೇಲೆ ಗುಡಿಯ ಪಕ್ಕ ಬಿಳಿಯಲ್ಲಿ ಮತ್ತೆ ಬರೆದಿದ್ದ ಶೆಡ್ ನೋಡಿ ನಿಂತ.

"ಗಂಗಕ್ಕ, ಇದು ಇಲ್ಲಿ ಬರಲ್ಲ. ಅಲ್ಲಿ ಜಾಗ ಇಲ್ಲ."

"ಊರ ಜಾಗ ಅಲ್ವಾ ಅದು ಚೌಡಣ್ಣ?"

"ಊರ ಜಾಗಾನೇ. ಆದ್ರೆ ನಮ್ ತೆಂಗಿನ ಮಟ್ಟೆ ರಾಶಿ ಇದೆಯಲ್ಲ. ಅದೆಲ್ಲಿಗೆ ಹೋಗ್ಬೇಕು, ಪಾಪ."

ಶೆಡ್ ಒದ್ದೆ ಬಟ್ಟೆಯಲ್ಲಿ ಅಳಿಸಿಹೋಯಿತು. ಗಂಗಾಂಬಿಕೆ ಅದನ್ನು ಗ್ರಂಥಾಲಯದ ಪಕ್ಕ ಬರೆದಳು. ಕುಟ್ಟುವ ಸದ್ದಿಗೆ ಓದುವವರ ಏಕಾಗ್ರತೆ ಕೆಡುತ್ತದೆ ಎಂದು ಮೇಷ್ಟ್ರು ಆಕ್ಷೇಪಿಸಿದರು. ಬಸ್ ತಂಗುದಾಣದ ಪಕ್ಕಕ್ಕೆ ತಂದಳು. ಹುಳಿ ವಾಸನೆಗೆ ಹಾಲು ಒಡೆಯುತ್ತದೆ ಎಂದ ಅಂಜಿನಪ್ಪ. ಕಲ್ಯಾಣ ಮಂಟಪದವರು ಒಪ್ಪಲಿಲ್ಲ, ಬ್ಯಾಂಕಿನವರೂ ಒಪ್ಪಲಿಲ್ಲ. ಎರಡೂ ಇನ್ನೂ ಹುಟ್ಟಿರಲೇ ಇಲ್ಲ, ಆಗಲೇ ಅವುಗಳ ಪರವಾಗಿ ಜಗಳಕ್ಕೆ ಜನ ಇದ್ದರು. ಕೊನೆಗೆ ಗಂಗಾಂಬಿಕೆ ಶೆಡ್ಡನ್ನು ಊರ ಹೊರಗೆ ಸ್ಮಶಾನದ ಪಕ್ಕ ಬರೆದಳು. ಅಲ್ಲಿ ಮಲಗಿದ್ದವರು ಯಾರೂ ತಕರಾರು ಮಾಡಲಿಲ್ಲ.

ಜಾಗ ಎಲ್ಲಾದರೇನು, ಮೇಲೊಂದು ಶೀಟು ಇದ್ದರೆ ಸಾಕು. ಅವಳು ಅದನ್ನು ಮನಸಾರೆ ಬರೆದಳು. ನಾಲ್ಕು ಕಂಬ, ಇಳಿಜಾರು ಚಾವಣಿ, ಬಾಗಿಲಿಗೆ ಚಿಲಕ, ಸುತ್ತ ಕಮಲದ ಎಸಳಿನ ಅಂಚು. ಎಲ್ಲರ ಬೇಡಿಕೆಯ ಮೇಲೂ ಒಂದೊಂದು ಬೀಜ ಇಟ್ಟಿದ್ದವಳು, ಮಧ್ಯಾಹ್ನ ಅಂಕ ಹಾಕಲು ಬರುವ ಯೋಜನೆಯ ಸಾಹೇಬರ ಕಣ್ಣಿಗೆ ತಪ್ಪದಿರಲಿ ಎಂದು ಶೆಡ್ಡಿನ ಮೇಲೆ ಮಾತ್ರ ಐದು ಬೀಜ ಇಟ್ಟಳು.

ಹನ್ನೊಂದೂವರೆಗೆ ಕಾವ್ಯ ಸಾಹೇಬರಿಗೆ ಫೋನ್ ಮಾಡಿ, ಬೀಜ ಇದ್ದರೆ ಬೇಕಾದ್ದು, ಇಲ್ಲದಿದ್ದರೆ ಇರುವುದು ಎಂದು ಎರಡೆರಡು ಸಲ ಬಿಡಿಸಿ ಹೇಳಿದಳು. ಸಾಹೇಬರು ಅದನ್ನೇ ತಿರುಗಿ ಹೇಳಿ ಒಪ್ಪಿಸಿದರಂತೆ. ಸಂಜೆಯೊಳಗೆ ಕುಣಿಗಲ್ ಕಡೆಯ ಊರಿನ ನಕ್ಷೆಯೂ ಆಗಬೇಕಾದ್ದರಿಂದ ಅವಳು ಗಂಗಾಂಬಿಕೆಯ ಕೈ ಹಿಡಿದು, "ಅಕ್ಕ, ಇಷ್ಟು ಚೆನ್ನಾಗಿರೋ ನಕ್ಷೆ ನಾನು ಎಲ್ಲೂ ನೋಡಿಲ್ಲ, ಶೆಡ್ ನಿಮ್ದೇ," ಎಂದು ಹೇಳಿ ಸ್ಕೂಟರ್ ಹತ್ತಿದಳು.

ಗಂಗಾಂಬಿಕೆಗೆ ನಕ್ಷೆಯ ಪಕ್ಕದಲ್ಲೇ ಕೂತು ಸಾಹೇಬರಿಗೆ ತಾನೇ ವಿವರಿಸಬೇಕೆಂಬ ಆಸೆ. ಆದರೆ ಸಾಹೇಬರು ಊಟದ ಹೊತ್ತಿಗೆ ಬರುವವರು. ಊಟ ಮೆಂಬರ್ ಮನೆಯಲ್ಲಿ, ಅಡಿಗೆ ಸಂಘದ ಹೆಂಗಸರದು ಎಂದು ಚೌಡಪ್ಪ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದ. ನಕ್ಷೆ ಬರೆದವರೇ ಮುದ್ದೆ ಕಟ್ಟಬೇಕೇ ಎಂದು ಅವಳು ಕೇಳಿದ್ದಕ್ಕೆ, ನಕ್ಷೆ ಎಲ್ಲಿಗೂ ಓಡಿಹೋಗುವುದಿಲ್ಲ, ಹಸಿದ ಸಾಹೇಬರು ಓಡಿಹೋಗುತ್ತಾರೆ ಎಂದ.

ಕಾವಲಿಗೆ ಯಾರನ್ನು ಬಿಡುವುದು? ಅಂಜಿನಪ್ಪನ ಮೇಕೆಗಳು ಆಗಲೇ ಕಲ್ಯಾಣ ಮಂಟಪದ ತನಕ ಬಂದು ಮೂಸಿ ಹೋಗಿದ್ದವು. ಗಂಡ ಪರಮಶಿವಯ್ಯ ಬಿದರೆಹಳ್ಳಿ ಕಾವಲ್‌ನಲ್ಲಿ ವಾಚ್‌ಮನ್ ಕೆಲಸಕ್ಕೆ ಹೋಗಿದ್ದ. ಪರರ ಗೇಟು ಕಾಯುವವನು ಮನೆಯ ಕೆಲಸಕ್ಕೆ ಸಿಗುವುದುಂಟೇ. ಉಳಿದವಳು ಅತ್ತೆ ಪುಟ್ಟತಾಯಮ್ಮ.

ಅತ್ತೆಗೆ ಎಪ್ಪತ್ತೆಂಟು. ಬೆಳಗಿನಿಂದ ಜಗಲಿಯ ಮೇಲೆ ಕೂತು ಹಣ್ಣು ಸೋಸುತ್ತಿದ್ದವಳಿಗೆ ಮಾಟದ ಗಲಾಟೆಯಾಗಲಿ, ನಕ್ಷೆಯ ಗಲಾಟೆಯಾಗಲಿ ಸರಿಯಾಗಿ ತಲುಪಿರಲಿಲ್ಲ. ಸಂಘದವರು ಕುಟ್ಟಿದ ಹಣ್ಣು ಮೂಟೆ ಸೇರುವ ಮುಂಚೆ ಅತ್ತೆಯ ಬೆರಳ ಕೆಳಗೆ ಹಾಯಲೇಬೇಕು. ಅರವತ್ತು ವರ್ಷದಿಂದ ಅದೇ ಕೆಲಸ. ಕಗ್ಗಲಪಾಳ್ಯದ ಹಣ್ಣೆಂದರೆ ಮಂಡಿಯವನು ಕಣ್ಣು ಮುಚ್ಚಿ ತೂಗುತ್ತಿದ್ದನೆಂದರೆ ಅದು ಅತ್ತೆಯ ಕೈಗುಣ. ಸಂಘವನ್ನು ಎತ್ತಿ ನಿಲ್ಲಿಸಿದ್ದೇ ಅವಳು ಎಂದು ಗಂಗಾಂಬಿಕೆ ಎಲ್ಲರ ಮುಂದೆ ಹೇಳುತ್ತಿದ್ದಳು. ಅತ್ತೆಯನ್ನು ಕೈಹಿಡಿದು ತಂದು, ಮರದ ನೆರಳಲ್ಲಿ ಮಣೆ ಹಾಕಿ ಕೂರಿಸಿ, ಕೈಗೊಂದು ಕೋಲು ಕೊಟ್ಟಳು.

"ಅತ್ತೆಮ್ಮ, ಸಾಹೇಬ್ರು ಬರೋಗಂಟ ಈ ರಂಗೋಲಿ ಹಿಂಗೇ ಇರ್ಬೇಕು. ಕೋಳಿ, ಮೇಕೆ, ಮಕ್ಳು, ಯಾರೂ ತುಳೀಬಾರ್ದು."

"ಒಂದೆಳೆ ಕೆಡಾಕೆ ಬುಡಲ್ಲ ಹೋಗವ್ವ," ಎಂದಳು ಅತ್ತೆ.

ಚೌಡಪ್ಪನ ಅಡಿಗೆಮನೆಯಲ್ಲಿ ಗಂಗಾಂಬಿಕೆಯ ಕೈ ಹಿಟ್ಟಿನಲ್ಲಿ, ಕಿವಿ ಬೀದಿಯಲ್ಲಿ. ಮೇಕೆಯ ಗಂಟೆ ಕೇಳಿದಂತಾದಾಗ ಹಿಟ್ಟಿನ ಕೋಲು ಹಿಡಿದೇ ಹೊರಗೆ ಓಡಿದಳು. ದೂರದಿಂದಲೇ ಕಂಡಿತು: ಅತ್ತೆ ಎದ್ದು ನಿಂತು ಕೋಲು ಬೀಸುತ್ತಿದ್ದಳು, ಮೇಕೆಗಳು ಬಾಲ ಎತ್ತಿ ಓಡುತ್ತಿದ್ದವು, ನಕ್ಷೆ ಬೆಳ್ಳಗೆ ನಗುತ್ತಿತ್ತು. ವಾಪಸ್ಸು ಬರುವಷ್ಟರಲ್ಲಿ ಹಿಟ್ಟು ಗಂಟಾಗಿತ್ತು. ಇನ್ನೊಂದು ಸಲ ಓಡಿದಾಗ ಅತ್ತೆ ನಕ್ಷೆಯ ಅಂಚಿನಲ್ಲಿ ಬಗ್ಗಿ ಕೂತಿದ್ದಳು. ಪಾಪ, ಗೆರೆ ಕೆಟ್ಟಿದೆಯೇ ಎಂದು ನೋಡುತ್ತಿದ್ದಾಳೆ, ಎಷ್ಟು ನಿಷ್ಠೆ ಎಂದುಕೊಂಡು ಗಂಗಾಂಬಿಕೆ ಒಲೆಯ ಹತ್ತಿರಕ್ಕೆ ವಾಪಸ್ಸು ಓಡಿದಳು.

ಸಾಹೇಬರು ಎರಡೂವರೆಗೆ ಬಂದರು. ಹೆಸರು ಲಕ್ಷ್ಮೀಕಾಂತ್. ಜೀಪಿನಿಂದ ಇಳಿದು ಗುಡಿಯ ಜಗಲಿಯ ನೆರಳು ಸೇರಿಕೊಂಡರು. ಮೇಲಿನಿಂದ ಫೋಟೋ ತೆಗೆಯಲು ಡ್ರೈವರನ್ನು ನೀರಿನ ಟ್ಯಾಂಕು ಹತ್ತಿಸಿದರು. ಆಮೇಲೆ ಟ್ಯಾಬ್ ತೆರೆದು, ಚೌಡಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಏನೇನೋ ಕೇಳಿ ಒತ್ತುತ್ತ ಹೋದರು. ಊರು ಅವರ ಬೆನ್ನ ಹಿಂದೆಯೇ ಇತ್ತು. ಒಂದು ಸಲವೂ ತಿರುಗಲಿಲ್ಲ.

ಊಟಕ್ಕೆ ಕೂತಾಗ ಮಾತ್ರ ಅವರ ಮುಖದಲ್ಲಿ ಬಹಳ ಸಂತೋಷವಿತ್ತು. ಬಡಿಸುತ್ತಿದ್ದ ಗಂಗಾಂಬಿಕೆಗೆ, ನಿಮ್ಮ ನಕ್ಷೆ ನೋಡಿ ಮನಸ್ಸು ತುಂಬಿತಮ್ಮ ಎಂದರು. ಅವಳು ಹುರುಳಿ ಸಾರಿನ ಮೇಲೆ ಇನ್ನೊಂದು ಮಿಳ್ಳೆ ತುಪ್ಪ ಹಾಕಿದಳು. ಅಡಿಗೆಮನೆಗೆ ಬಂದು ಚೆನ್ನಮ್ಮನಿಗೆ, ಆಯ್ತು ಕಣೇ, ಆದಂಗೇ ಎಂದಳು.

ಮೂರೂವರೆಗೆ ಗುಡಿಯ ಮುಂದೆ ಊರು ಸೇರಿತು. ಸಾಹೇಬರು ಗಂಟಲು ಸರಿಮಾಡಿಕೊಂಡು ನಿಂತರು. ಇಂಥ ಮೂಲೆಯ ಹಳ್ಳಿಯಲ್ಲಿ ಬ್ಯಾಂಕು, ಗ್ರಂಥಾಲಯ, ಪಶು ಆಸ್ಪತ್ರೆ, ಕಲ್ಯಾಣ ಮಂಟಪ, ಬಸ್ ತಂಗುದಾಣ, ಕಾಂಕ್ರೀಟ್ ರಸ್ತೆ, ಅದಕ್ಕಿಂತ ಹೆಚ್ಚಾಗಿ ಹೆಣ್ಣುಮಕ್ಕಳಿಗೆಂದೇ ಕಮಲದ ಅಂಚಿನ ಒಂದು ಶೆಡ್ ಇರುವುದನ್ನು ತಾವು ನಿರೀಕ್ಷಿಸಿರಲಿಲ್ಲ ಎಂದರು. ಬೇಕಾದ್ದರ ಪಟ್ಟಿಯಲ್ಲಿ ಒಂದೇ ಒಂದೂ ಇಲ್ಲದ ಊರನ್ನು ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಕಂಡಿಲ್ಲ ಎಂದರು. ನೂರಕ್ಕೆ ತೊಂಬತ್ತಾರು ಅಂಕ. ಈಗಷ್ಟೇ ಸಬ್ಮಿಟ್ ಮಾಡಿದ್ದಾರಂತೆ.

ಚೌಡಪ್ಪ ಸಾಹೇಬರಿಗೆ ಹೊದಿಸಲೆಂದು ಗುಬ್ಬಿಯಿಂದ ತರಿಸಿದ್ದ ಶಾಲು ತಟ್ಟೆಯಲ್ಲಿತ್ತು. ಸಾಹೇಬರು ದೊಡ್ಡ ಮನಸ್ಸು ಮಾಡಿ ಅದನ್ನು ಎತ್ತಿ, ಇದು ಸಲ್ಲಬೇಕಾದ್ದು ಇವರಿಗೆ ಎಂದು ಗಂಗಾಂಬಿಕೆಗೆ ಹೊದಿಸಿಬಿಟ್ಟರು. ಜನ ಅಭ್ಯಾಸದಂತೆ ಚಪ್ಪಾಳೆ ತಟ್ಟಿದರು. ಅರ್ಧಕ್ಕೆ ಅರ್ಥವಾಗಿ ನಿಲ್ಲಿಸಿದರು.

ಗಂಗಾಂಬಿಕೆ ನಕ್ಷೆಯ ಕಡೆ ನೋಡಿದಳು. ಒಂದು ಗೆರೆಯೂ ಅಳಿಸಿರಲಿಲ್ಲ. ಒಂದು ಬೀಜವೂ ಇರಲಿಲ್ಲ.

"ಸಾರ್, ಅದ್ಯಾವುದೂ ಇಲ್ಲ. ಎಲ್ಲಾ ಬೇಕಾಗಿರೋದು. ಬೀಜ ಇತ್ತು ಸಾರ್, ಎಲ್ಲೋ ಹೋಗವೆ."

ಸಾಹೇಬರು ಟ್ಯಾಬಿನ ಫೋಟೋ ದೊಡ್ಡದು ಮಾಡಿ ತೋರಿಸಿದರು. ಬೀಜ ಇಲ್ಲದ್ದು ಇರುವುದು ಎಂದು ಕಾವ್ಯ ಎರಡು ಸಲ ಹೇಳಿದ್ದಳಲ್ಲ ಎಂದರು. ನಾನೇನು ಕಣ್ಣುಮುಚ್ಚಿ ಒತ್ತಿಲ್ಲ, ಮೆಂಬರ್ ಸಾಹೇಬರನ್ನು ಒಂದೊಂದಾಗಿ ಕೇಳಿದ್ದೇನೆ, ಇವೆಲ್ಲ ಆಗಿದ್ದು ನಿಮ್ಮ ಅವಧಿಯಲ್ಲೇನು ಎಂದು.

ಊರೆಲ್ಲ ಚೌಡಪ್ಪನ ಕಡೆ ತಿರುಗಿತು. ಅವನು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ. ಅಧಿಕಾರಿಯೊಬ್ಬ ಪಕ್ಕದಲ್ಲಿ ಕೂರಿಸಿಕೊಂಡು, ಈ ರಸ್ತೆ ನಿಮ್ಮ ಅವಧಿಯದೇ, ಈ ಕಂಬ ನಿಮ್ಮ ಅವಧಿಯದೇ ಎಂದು ಮರ್ಯಾದೆಯಿಂದ ಕೇಳಿದರೆ ಯಾವ ಮೆಂಬರ್ ತಾನೇ ಇಲ್ಲ ಎಂದಾನು. ಎಲ್ಲದಕ್ಕೂ ನಮ್ಮ ಅವಧಿಯಲ್ಲೇ ಸಾರ್ ಎಂದು ಹೇಳಿಬಿಟ್ಟಿದ್ದ.

ತಿದ್ದಲು ಒಂದು ದಾರಿ ಇದೆ ಎಂದರು ಸಾಹೇಬರು. ತಾನು ಹೇಳಿದ್ದು ಸುಳ್ಳು ಎಂದು ಮೆಂಬರ್ ಒಂದು ಪತ್ರ ಬರೆದು ಸಹಿ ಹಾಕಿ ಕೊಟ್ಟರೆ ಮೇಲಕ್ಕೆ ಕಳಿಸಬಹುದು. ಗಂಗಾಂಬಿಕೆ ಶಾಲು ಹೊದ್ದೇ ಚೌಡಪ್ಪನ ಮುಂದೆ ಹೋಗಿ ನಿಂತಳು.

"ಚೌಡಣ್ಣ, ಹನ್ನೆರಡು ಮನೆ ಹೆಂಗಸ್ರ ಅನ್ನ ಇದು. ಒಂದ್ ಸಹಿ."

"ಎಲೆಕ್ಷನ್ ಬತ್ತಾ ಇದೆ ಗಂಗಕ್ಕ," ಎಂದ ಚೌಡಪ್ಪ, ಬೇರೆ ಕಡೆ ನೋಡುತ್ತ. "ನಾನೇ ನನ್ ಕೈಯಾರೆ ಸುಳ್ಳುಗಾರ ಅಂತ ಬರ್ಕೊಡ್ಲಾ? ಐದು ವರ್ಷ ತಡ್ಕೊ. ಮುಂದಿನ ನಕ್ಷೆಲಿ ಮೊದಲನೇ ಬೀಜ ನಿಂದೇ."

ಅವಳು ಮೇಷ್ಟ್ರ ಕಡೆ ನೋಡಿದಳು, ಅಂಜಿನಪ್ಪನ ಕಡೆ ನೋಡಿದಳು. ಮೆಂಬರ್‌ನನ್ನು ಎದುರು ಹಾಕಿಕೊಳ್ಳುವ ಆಸೆ ಯಾರಿಗೂ ಇದ್ದಂತಿರಲಿಲ್ಲ. ಮೇಷ್ಟ್ರು ಕೋಲಿನ ತುದಿ ಪರೀಕ್ಷಿಸುತ್ತಿದ್ದರು. ಅಂಜಿನಪ್ಪ, ಕಾಗದದ ಮೇಲಾದರೂ ತನ್ನ ಅಂಗಡಿ ಎದುರಿಗೆ ತಂಗುದಾಣ ಬಂತಲ್ಲ, ಮುಂದೆ ಯಾವತ್ತಾದರೂ ಉಪಯೋಗಕ್ಕೆ ಬರುತ್ತದೆ ಎಂದು ಸಮಾಧಾನ ಪಟ್ಟುಕೊಂಡ. ಗಂಗಾಂಬಿಕೆ ಕಾವ್ಯಳಿಗೆ ಫೋನ್ ಮಾಡಿದಳು. ಎಲ್ಲ ಕೇಳಿದ ಆ ಹುಡುಗಿ, ಕುಣಿಗಲ್ ಕಡೆಯ ಊರಿನಲ್ಲಿ ಕೆಂಪು ಪುಡಿಗೆ ಯಾರೂ ಏನೂ ಅನ್ನಲಿಲ್ಲ, ಅಲ್ಲಿ ಮೂವತ್ತೆಂಟು ಅಂಕ ಬಂತು, ಮೂರು ಊರಲ್ಲಿ ಅದೇ ಕಡಿಮೆ, ಸಬ್ಮಿಟ್ ಆದ ಮೇಲೆ ತನ್ನ ಕೈಯಲ್ಲಿ ಏನೂ ಇಲ್ಲ ಅಕ್ಕ ಎಂದು ಮೆಲ್ಲಗೆ ಹೇಳಿ ಇಟ್ಟುಬಿಟ್ಟಳು.

ಮರದ ಕೆಳಗೆ ಅತ್ತೆ ಮಣೆಯ ಮೇಲೆ ಹಾಗೇ ಕೂತಿದ್ದಳು, ಕೋಲು ತೊಡೆಯ ಮೇಲೆ. ಸೊಸೆಯ ಶಾಲನ್ನು ಮುಟ್ಟಿ ನೋಡಿ ಮುಖ ಅರಳಿಸಿದಳು.

"ಸಾಹೇಬ್ರು ಮೆಚ್ಚಿದ್ರಂತೆ? ಮೆಚ್ದೆ ಏನು. ಅಷ್ಟು ಚೆಂದದ ರಂಗೋಲಿ ಮ್ಯಾಲೆ ಎಲ್ಲಾ ಕಡೆ ಬೀಜ ಬುಟ್ಟು ಹೋಗಿದ್ರಿ ನೀವು. ಏನ್ ಹೆಂಗಸ್ರೋ, ನಮ್ಮೂರ ಹಣ್ಣಲ್ಲಿ ಬೀಜ ಅಂತ ಸಾಹೇಬ್ರು ತುಮ್ಕೂರಲ್ಲಿ ಹೇಳ್ಕೊಂಡ್ರೆ ಮಾನ ಇರ್ತದಾ? ಒಂದೊಂದೇ ಆರ್ಸಿದೀನಿ. ಮೂಲೇಲಿ ಒಂದು ಕಡೆ ಐದು ಬೀಜ ಬಿದ್ದಿದ್ವು ಕಣವ್ವ, ಅವನ್ನೂ ಬುಡ್ಲಿಲ್ಲ. ನೋಡ್ಕೊ ಬೇಕಾದ್ರೆ, ಒಂದೆಳೆ ಕೆಟ್ಟಿಲ್ಲ."

ಮಡಿಲು ಬಿಚ್ಚಿ ತೋರಿಸಿದಳು. ಊರಿನ ಆಸೆಯೆಲ್ಲ ಅಲ್ಲಿತ್ತು, ಸ್ವಚ್ಛವಾಗಿ ಒರೆಸಿ ಇಟ್ಟಿದ್ದಳು.

ಗಂಗಾಂಬಿಕೆ ಅತ್ತೆಯ ಕೈ ನೋಡಿದಳು. ಆ ಬೆರಳುಗಳ ತುದಿಯಲ್ಲಿ ಇನ್ನೂ ರಂಗೋಲಿಯ ಬಿಳಿ ಹತ್ತಿತ್ತು. ಅವಳು ಅತ್ತೆಯ ಪಕ್ಕ ನೆಲದ ಮೇಲೆ ಕೂತಳು.

"ಸರಿಯಾಗಿ ಮಾಡಿದ್ದೀರಿ ಅತ್ತೆಮ್ಮ," ಎಂದಳು.

ಪಡುವಲಲ್ಲಿ ಮೋಡ ಕಟ್ಟಿದ್ದನ್ನು ಯಾರೂ ಗಮನಿಸಿರಲಿಲ್ಲ. ದಪ್ಪ ಹನಿ ಬೀಳುತ್ತಲೇ ಹೆಂಗಸರು ಮೂಟೆಗಳ ಕಡೆ ಓಡಿದರು. ಸಂಘದ ಟಾರ್ಪಾಲು ಹರಿದು ಆರು ಮೂಟೆಗೆ ಸಾಕಾಗುತ್ತಿತ್ತು. ಉಳಿದವನ್ನು ಇಬ್ಬಿಬ್ಬರು ಹಿಡಿದು ಗುಡಿಯ ಜಗಲಿಗೆ ಎಳೆದರು. ಜಗಲಿ ತುಂಬಿದ ಮೇಲೂ ಮೂರು ಮೂಟೆ ಹೊರಗುಳಿದವು. ಗಂಗಾಂಬಿಕೆ ಶಾಲು ತೆಗೆದು ಅವುಗಳ ಮೇಲೆ ಹೊದಿಸಿದಳು. ಅಂಚಿಗೆ ಜರಿಯಿದ್ದ ಶಾಲು ಒಂದು ಮೂಟೆಗೆ ಸರಿಹೋಯಿತು. ಇನ್ನೆರಡು ನೆಂದವು.

ನಕ್ಷೆಯೂ ನೆಂದಿತು. ಬ್ಯಾಂಕು, ಗ್ರಂಥಾಲಯ, ಕಲ್ಯಾಣ ಮಂಟಪ ಎಲ್ಲ ಕರಗಿ ಚೆನ್ನಮ್ಮನ ಚರಂಡಿಯ ಮೇಲೆ ಹಾದು ಹೊರಟವು. ಶೆಡ್ ಇಳಿಜಾರಿನಲ್ಲಿ ಇದ್ದುದರಿಂದ ಮೊದಲು ಹೋಯಿತು.

ಜೀಪು ಹೊರಟಿತ್ತು. ಹತ್ತು ಗಜ ಹೋಗಿ ನಿಂತಿತು. ಸಾಹೇಬರು ಕಿಟಕಿ ಸ್ವಲ್ಪವೇ ಇಳಿಸಿ, ಕೊಡೆ ಹಿಡಿದು ಓಡಿ ಬಂದ ಚೌಡಪ್ಪನಿಗೆ ಏನೋ ಹೇಳಿದರು. ಜೀಪು ಮರೆಯಾದ ಮೇಲೆ ಚೌಡಪ್ಪ ಕೊಡೆಯ ಕೆಳಗೇ ನಿಂತು, ನೆನೆಯುತ್ತಿದ್ದ ಗಂಗಾಂಬಿಕೆಗೆ ಸುದ್ದಿ ಮುಟ್ಟಿಸಿದ. ಹೊಸ ಶೆಡ್ ಸಿಗುವ ಕುಣಿಗಲ್ ಕಡೆಯ ಊರಿನಿಂದ ಮೂವತ್ತು ಜನ ಹೆಂಗಸರು ಶುಕ್ರವಾರ ಬಸ್ಸಿನಲ್ಲಿ ಬರುತ್ತಾರಂತೆ. ಕಗ್ಗಲಪಾಳ್ಯದ ಶೆಡ್ ನೋಡಿ ತಿಳಿದುಕೊಂಡು ಹೋಗಲು. ಊಟದ ಏರ್ಪಾಡು ಸಂಘದ್ದು.

"ಬಂದವ್ರಿಗೆ ಏನು ತೋರ್ಸೋದು ಚೌಡಣ್ಣ?" ಎಂದಳು ಗಂಗಾಂಬಿಕೆ.

ಚೌಡಪ್ಪ ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡ.

"ಇದ್ಕೆಲ್ಲ ತಲೆ ಕೆಡಿಸ್ಕೊಬೇಡ ಗಂಗಕ್ಕ. ರಂಗೋಲಿ ನೀನು ಚೆನ್ನಾಗಿ ಹಾಕ್ತೀಯ. ಬೆಳಿಗ್ಗೆ ಬೇಗ ಎದ್ದು ಇನ್ನೊಂದು ಶೆಡ್ ಬರೆದ್ಬುಡು. ಸಾಹೇಬ್ರಿಗೇ ಸಾಕಾಯ್ತು, ಅವ್ರಿಗೆ ಸಾಕಾಗಲ್ವಾ?"